ಮಾರ್ಜಾರನ ತುರಿಕೆ

ಸಿಂದಗಿಯಿಂದ ವಾಚಕಿಯೊಬ್ಬರು ನಮಗೆ ಬರೆದಿರುವ ಪತ್ರದ ಸಾರಾಂಶವಿಷ್ಟು: ಅವರ ಮನೆಯಲ್ಲಿ ಎರಡು ವರುಷದ ಹೆಣ್ಣು ಬೆಕ್ಕೊಂದಿರುವದು. ಬೀದಿನಾಯಿಗಳ ಕಾಟಕ್ಕೂ ವಾಹನಗಳ ಭಯಕ್ಕೂ ಅದನ್ನು ಹೊಸ್ತಿಲು ದಾಟಗೊಡುವದಿಲ್ಲ. ಹೀಗಿದ್ದರೂ ಮಳೆಗಾಲದಲ್ಲಿ ಹತ್ತಿದ ತುರಿಕೆ ಇನ್ನೂ ಬಿಟ್ಟಿಲ್ಲ. ಕೊರಳ ಸುತ್ತಲೂ ರವೆಯಂಥ ಹುರುಕು ಎದ್ದಿರುವದು, ಬಾಲದ ಬುಡದಲ್ಲಿ ರೋಮ ಉದುರಿರುವದು, ಹೊಟ್ಟೆಯ ಕೆಳಗಂತೂ ಪೂರ್ಣ ಬೋಳಾಗಿರುವದು. ಮನೆಯಿಂದ ಹೊರಗೆ ಕಾಲಿಡದ ಪ್ರಾಣಿಗೆ ಈ ರೋಗ ಎಲ್ಲಿಂದ ಬಂದಿತು, ಮನೆಯಲ್ಲಿರುವ ಯಾವ ವಸ್ತುವನ್ನು ಹಚ್ಚಿ ಇದನ್ನು ಕಳೆಯಬಹುದು, ಎಂಬವು ಅವರ ಎರಡು ಪ್ರಶ್ನೆಗಳು.

ಇದೇ ವಿಷಯವಾಗಿ ಇಂಡಿಯಿಂದಲೂ ಮುದ್ದೇಬಿಹಾಳದಿಂದಲೂ ಒಂದೊಂದು ಪತ್ರ ಬಂದಿರುವದು. ಆದರೆ ಅವರು ಪ್ರಶ್ನೆ ಕೇಳಿಲ್ಲ, ಉಪಾಯವನ್ನೇ ತಿಳಿಸಿದ್ದಾರೆ. ಇಂಡಿಯ ಮಹನೀಯರು ತಮ್ಮ ತೋಟದ ಲಿಂಬೆಯ ಸಿಪ್ಪೆಯನ್ನು ಅರೆದು ಬೆಕ್ಕಿನ ಮೈಗೆ ತಿಕ್ಕುವರಂತೆ. ಮುದ್ದೇಬಿಹಾಳದ ತಾಯಿಯವರು ಬೇವಿನೆಣ್ಣೆಯಲ್ಲಿ ಕರ್ಪೂರವನ್ನು ಕೂಡಿಸಿ ಹಚ್ಚಬೇಕೆನ್ನುವರು. ಇಬ್ಬರ ಸದುದ್ದೇಶಕ್ಕೂ ನಾವು ನಮಸ್ಕರಿಸುವೆವು. ಆದರೆ ಆ ಎರಡು ಉಪಾಯಗಳಲ್ಲಿ ಒಂದನ್ನೂ ಈ ಪುಟದಲ್ಲಿ ಅನುಮೋದಿಸಲಾರೆವು. ಯಾಕೆಂದರೆ ಇಂಥದೇ ಉಪಾಯ ನಡೆದ ನಾಲ್ಕನೆಯ ಮನೆಯೊಂದರ ಸಂಗತಿಯನ್ನು ನಾವು ಕಣ್ಣಾರೆ ಕಂಡಿರುವೆವು. ಅದು ಬಸವನ ಬಾಗೇವಾಡಿಯಲ್ಲಿರುವ ನಮ್ಮ ಸ್ವಂತ ಮನೆ.

ಮೂರು ವರುಷಗಳ ಹಿಂದಿನ ಮಾತು. ನಮ್ಮ ಮೊಮ್ಮಗಳು ಬೆಳ್ಳಿ ಎಂದು ಹೆಸರಿಟ್ಟು ಸಾಕಿದ ಬೆಕ್ಕಿಗೆ ಇಂಥದೇ ತುರಿಕೆ ಹತ್ತಿತು. ಎತ್ತುಗಳ ಉಣ್ಣಿಗೆಂದು ತಂದಿದ್ದ ಔಷಧದ ಶೀಸೆ ಕೊಟ್ಟಿಗೆಯ ಮಾಡದಲ್ಲಿ ಉಳಿದಿತ್ತು. ಎತ್ತಿಗೆ ಹಿತವಾದದ್ದು ಬೆಕ್ಕಿಗೆ ಅಹಿತವಾದೀತೇ, ಪ್ರಮಾಣ ತಗ್ಗಿಸಿದರಾಯಿತು ಎಂದು ಬಗೆದು, ಅಂದಾಜಿನ ಮೇಲೆ ನೀರು ಬೆರೆಸಿ ನಮ್ಮ ಕೈಯಿಂದಲೇ ಅದರ ಬೆನ್ನಿಗೆ ಒರೆಸಿದೆವು. ಅದು ಮೂಲೆಗೆ ಹೋಗಿ ತನ್ನ ಸ್ವಭಾವದಂತೆ ಬೆನ್ನನ್ನು ನೆಕ್ಕಹತ್ತಿತು. ಸಂಜೆಗೆ ಬಾಯಿಂದ ಜೊಲ್ಲು ಸುರಿಯಿತು, ಕಿವಿಗಳು ಅದುರತೊಡಗಿದವು, ರಾತ್ರಿ ಮೈಯೆಲ್ಲ ನಡುಗಿ ಸೆಳವು ಬಂದಿತು. ಬೆಳಗಾದ ಮೇಲೆ ಪಶುವೈದ್ಯರ ಬಳಿಗೆ ಒಯ್ದೆವು. ಅವರು ಮಾಡತಕ್ಕದ್ದನ್ನೆಲ್ಲ ಮಾಡಿದರು, ಆದರೆ ವೇಳೆ ಮೀರಿದ್ದಿತು. ಮೊಮ್ಮಗಳು ಅಳಲಿಲ್ಲ. "ಅಜ್ಜಾ, ನೀ ಹಚ್ಚಿದ್ದು ಔಷಧಾನ ಅಲ್ಲೇನು?" ಎಂದು ಒಮ್ಮೆ ಕೇಳಿ ಸುಮ್ಮನಾದಳು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಎಂದೋ ಬರೆಯಬೇಕಾಗಿದ್ದಿತು.

ಸಂಸ್ಕೃತದಲ್ಲಿ ಬೆಕ್ಕಿಗೆ ಬಿಡಾಲ, ಓತು, ಆಖುಭುಕ್ ಮುಂತಾದ ಹೆಸರುಗಳಿರುವವು. ಆಖುಭುಕ್ ಎಂದರೆ ಇಲಿಯನ್ನು ತಿನ್ನುವದು. ಮಾರ್ಜಾರ ಎಂಬ ಹೆಸರು 'ಮೃಜ್' ಎಂಬ ಧಾತುವಿನಿಂದ ಬಂದದ್ದು. ಒರೆಸು, ಶುದ್ಧಮಾಡು ಎಂದು ಅದರ ಅರ್ಥ. ಸಮ್ಮಾರ್ಜನ ಎಂದು ಕಸಗುಡಿಸುವದಕ್ಕೆ ಹೇಳುವದೂ ಇದೇ ಧಾತುವಿನಿಂದಲೇ. ತನ್ನ ಮೈಯನ್ನು ತಾನೇ ಸದಾ ಶುದ್ಧಮಾಡಿಕೊಳ್ಳುವ ಪ್ರಾಣಿಯಾದ್ದರಿಂದ ಅದು ಮಾರ್ಜಾರ. ಈ ವ್ಯುತ್ಪತ್ತಿಯನ್ನು ನಾವು ಅನೇಕ ವರುಷ ಹುಡುಗರಿಗೆ ಹೇಳಿಕೊಟ್ಟೆವು. ಶಬ್ದದ ಅರ್ಥ ಹೇಳಿದೆವೇ ಹೊರತು ಅದು ನಮಗೇ ಮನದಟ್ಟಾಗಿರಲಿಲ್ಲ. ಬೆಕ್ಕಿನ ಬೆನ್ನಿಗೆ ಹಚ್ಚಿದ್ದು ಬೆನ್ನಿನಲ್ಲಿ ಉಳಿಯುವದಿಲ್ಲ. ನಾಲಗೆಯ ಮಾರ್ಗವಾಗಿ ಹೊಟ್ಟೆಗೆ ಹೋಗುವದು. ಆದ್ದರಿಂದ ಬೆಕ್ಕಿಗೆ ಲೇಪನ ಮಾಡುವವರು ಅದಕ್ಕೆ ತಿನ್ನಿಸುತ್ತಿರುವೆವೆಂದೇ ತಿಳಿಯತಕ್ಕದ್ದು.

ಇದರ ಮೇಲೆ ಇನ್ನೊಂದು ದೌರ್ಬಲ್ಯ. ಮನುಷ್ಯ, ನಾಯಿ, ದನಗಳ ಯಕೃತ್ತು ಅನೇಕ ವಿಷಗಳನ್ನು ಬೇರೊಂದು ದ್ರವ್ಯದೊಡನೆ ಬೆಸೆದು ಹೊರಹಾಕುವದು. ಬೆಕ್ಕಿನ ಯಕೃತ್ತಿನಲ್ಲಿ ಆ ಬೆಸುಗೆಯ ಶಕ್ತಿ ಬಹಳ ಕಡಿಮೆ. ಆದಕಾರಣ ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಆದರೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೆಲ ಒರೆಸುವ ಫಿನಾಯಿಲು, ಸೀಮೆಎಣ್ಣೆ, ಕರ್ಪೂರ, ಲಿಂಬೆಯ ಸಿಪ್ಪೆಯಲ್ಲಿರುವ ತೈಲ, ದಪ್ಪನೆಯ ಬೇವಿನೆಣ್ಣೆ, ಇವೆಲ್ಲ ಅದಕ್ಕೆ ಅಪಾಯಕರ. ಎಲ್ಲಕ್ಕೂ ಮಿಗಿಲಾಗಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕಗಳು. ದನದ ಉಣ್ಣಿಯ ಔಷಧಗಳಲ್ಲಿಯೂ ನಾಯಿಯ ಚಿಗಟದ ಔಷಧಗಳಲ್ಲಿಯೂ ಇವು ಇರುವವು. ಶೀಸೆಯ ಮೇಲಿನ ಹೆಸರು 'ಮೆಥ್ರಿನ್' ಎಂದು ಮುಗಿದಿದ್ದರೆ ಪಶುವೈದ್ಯರ ಮಾತಿಲ್ಲದೆ ಅದನ್ನು ಬೆಕ್ಕಿನ ಹತ್ತಿರವೂ ಒಯ್ಯಬಾರದು. ಶೀಸೆಯನ್ನು ಓದಲು ಅರ್ಧ ನಿಮಿಷ ಸಾಕು. ನಾವು ಓದಿರಲಿಲ್ಲ.

ಈಗಾಗಲೇ ಯಾರಾದರೂ ಹಚ್ಚಿದ್ದರೆ ಕಾಯುತ್ತ ಕೂಡ್ರಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಮೃದುವಾದ ಸೋಪಿನ ದ್ರವವನ್ನು ಹಾಕಿ ಮೈ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ, ಶೀಸೆಯ ಸಹಿತವಾಗಿ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ.

ಇನ್ನು ಸಿಂದಗಿಯ ವಾಚಕಿಯವರ ಮೊದಲನೆಯ ಪ್ರಶ್ನೆ. ಹೊರಗೆ ಹೋಗದ ಬೆಕ್ಕಿಗೆ ತುರಿಕೆ ಎಲ್ಲಿಂದ? ಬೆಕ್ಕು ಹೊಸ್ತಿಲು ದಾಟದಿದ್ದರೂ ಚಿಗಟ ದಾಟುವದು. ಅದು ಇಲಿಯ ಮೈಮೇಲೆ ಬರಬಹುದು, ಕಟ್ಟೆಯ ಮೇಲೆ ಮಲಗುವ ನಾಯಿಯಿಂದ ಬರಬಹುದು, ನಮ್ಮ ಧೋತರದ ಅಂಚಿಗೆ ಹತ್ತಿಯೂ ಬರಬಹುದು. ಒಳಗೆ ಬಂದ ಹೆಣ್ಣು ಚಿಗಟ ದಿನಕ್ಕೆ 40-50ರ ವರೆಗೆ ತತ್ತಿಯಿಡುವದು. ಆ ತತ್ತಿಗಳು ಬೆಕ್ಕಿನ ಮೈಮೇಲೆ ನಿಲ್ಲದೆ ಅದು ಮಲಗಿದಲ್ಲಿ ಉದುರುವವು. ತತ್ತಿಯೊಡೆದ ಹುಳುಗಳು ಬೆಳಕಿಗೆ ಅಂಜಿ ನೆಲದ ಬಿರುಕು, ಚಾಪೆಯ ಕೆಳಭಾಗ, ಕೌದಿಯ ಮಡಿಕೆಗಳಲ್ಲಿ ಅಡಗುವವು; ಬಳಿಕ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲವು. ದುಡಿಯಲು ಪರಸ್ಥಳಕ್ಕೆ ಹೋದವರು ತಿರುಗಿ ಬಂದು ಮುಚ್ಚಿದ ಮನೆಯ ಕದ ತೆರೆದೊಡನೆ ಕಾಲಿಗೆ ಚಿಗಟಗಳು ಮುತ್ತುವದು ಇದೇ ಕಾರಣದಿಂದ. ಹೆಜ್ಜೆಯ ಕಂಪನವೂ ಮೈಯ ಬಿಸುಪೂ ತಟ್ಟಿದಾಗ ಅವು ಗೂಡಿನಿಂದ ಹೊರಬೀಳುವವು. ಬೆಕ್ಕಿನ ಮೈಮೇಲೆ ಕಾಣುವ ಚಿಗಟ ಸ್ವಲ್ಪ, ಮನೆಯಲ್ಲಿ ಅಡಗಿರುವ ಸಂತಾನ ಬಹಳ ಎಂಬದನ್ನು ಮರೆಯಬಾರದು.

ಬೇಸಿಗೆಯಲ್ಲಿ ನಮ್ಮ ಸೀಮೆಯ ಒಣ ಬಿಸಿಲು ಹೊರಗಿನ ಚಿಗಟದ ಹುಳುಗಳನ್ನು ಒಣಗಿಸಿ ಕೊಲ್ಲುವದು. ಆದರೆ ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಮನೆಗಳು ಒಳಗೆ ತಂಪಾಗಿರುವವು. ನಮಗೆ ಹಿತವಾದ ಆ ತಂಪು ಚಿಗಟಕ್ಕೂ ಹಿತ. ಮಳೆಗಾಲದ ತೇವ ಕೂಡಿದರೆ ಅವುಗಳಿಗೆ ಸುಗ್ಗಿ.

"ಚಿಗಟವನ್ನು ಹುಡುಕಿದೆವು, ಕಾಣಲಿಲ್ಲ" ಎಂದು ಅನೇಕರು ಹೇಳುವರು. ಮಾರ್ಜಾರನು ಅವುಗಳನ್ನು ನೆಕ್ಕಿ ನುಂಗಿಬಿಟ್ಟಿರುವದು ಉಂಟು. ಅದಕ್ಕೊಂದು ಪರೀಕ್ಷೆಯಿದೆ. ಹೇನು ಬಾಚುವ ಸಣಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಬಂದ ಕರಿಯ ಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉದುರಿಸಿರಿ. ಕೆಂಪುಗಂದು ಕಲೆ ಹರಡಿದರೆ ಅದು ಚಿಗಟದ ಮಲ, ಎಂದರೆ ಬೆಕ್ಕಿನದೇ ರಕ್ತ. ಬೆಕ್ಕಿನ ಮಲದಲ್ಲಿ ಅಕ್ಕಿಯ ಕಾಳಿನಂಥ ತುಂಡುಗಳು ಕಂಡರೆ ಅದು ಲಾಡಿಹುಳು. ಅದೂ ಚಿಗಟವನ್ನು ನುಂಗಿದ್ದರಿಂದಲೇ ಬರುವದು. ಕೆಲವು ಬೆಕ್ಕುಗಳ ಮೈಗೆ ಚಿಗಟದ ಜೊಲ್ಲು ಆಗಿಬರುವದಿಲ್ಲ; ಅಂಥವಕ್ಕೆ ಒಂದೆರಡು ಕಡಿತಗಳಿಂದಲೇ ಮೈಯೆಲ್ಲ ಹುರುಕು ಏಳುವದು.

ಎಲ್ಲ ತುರಿಕೆಯೂ ಚಿಗಟದ್ದಲ್ಲ. ಕಿವಿಯ ಅಂಚಿನಿಂದ ಆರಂಭಿಸಿ ಮುಖದ ವರೆಗೆ ದಪ್ಪನೆಯ ಹಕ್ಕಳೆ ಕಟ್ಟಿದರೆ ಅದು ಕಣ್ಣಿಗೆ ಕಾಣದ ಕಜ್ಜಿಯ ಹುಳು. ಒಂದರಿಂದ ಇನ್ನೊಂದು ಬೆಕ್ಕಿಗೆ ಬೇಗನೆ ಹರಡುವದು. ಬೆಕ್ಕು ತಲೆ ಕೊಡವುತ್ತಿದ್ದು ಕಿವಿಯೊಳಗೆ ಕಾಫಿಪುಡಿಯಂಥ ಕೊಳೆ ಕಂಡರೆ ಅದು ಕಿವಿಯ ನುಸಿ. ರೋಮ ಮುರಿದು ದುಂಡಗೆ ಬೋಳಾಗಿ ಬೂದಿಯಂಥ ಹೊಟ್ಟು ಕಂಡರೆ ಗಜಕರ್ಣವೆಂದು ಶಂಕಿಸಬೇಕು. ಇದು ಬೂಷ್ಟಿನ ಜಾತಿಯ ರೋಗ. ಬೆಕ್ಕಿಗೆ ತುರಿಕೆ ಹೆಚ್ಚಿರಲಿಕ್ಕಿಲ್ಲ, ಆದರೆ ಮಕ್ಕಳ ಮೈಗೆ ಹತ್ತುವದು. ಮಗುವಿನ ಕೈ ಕುತ್ತಿಗೆಗಳ ಮೇಲೆ ಕೆಂಪು ಬಳೆಯಂಥ ಗುರುತು ಎದ್ದರೆ ಮಗುವನ್ನೂ ಬೆಕ್ಕನ್ನೂ ಅವರವರ ವೈದ್ಯರಿಗೆ ತೋರಿಸತಕ್ಕದ್ದು. ಅಂಗಡಿಯಲ್ಲಿ ಕೇಳಿ ತಂದ ತುರಿಕೆಯ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡು ಕೂಡಿರುವದು. ಅದು ತುರಿಕೆಯನ್ನು ಮುಚ್ಚಿ ಗಜಕರ್ಣವನ್ನು ಬೆಳೆಸುವದು.

ಹೊಟ್ಟೆ ಬೋಳಾದದ್ದು ತುರಿಸಿದ್ದರಿಂದಲ್ಲ, ನೆಕ್ಕಿದ್ದರಿಂದ. ಬೆಕ್ಕಿನ ನಾಲಗೆ ಮುಳ್ಳುಮುಳ್ಳಾಗಿರುವದು. ನವೆಯಿದ್ದಲ್ಲಿ ಅದು ಏಕಾಂತದಲ್ಲಿ ನೆಕ್ಕಿ ರೋಮವನ್ನು ತೆಗೆದುಬಿಡುವದು. ಬೇಸರದಿಂದ ನೆಕ್ಕುವ ಬೆಕ್ಕುಗಳೂ ಇರಬಹುದು. ಆದರೆ ಮೊದಲು ಚರ್ಮದ ಕಾರಣವನ್ನೇ ಹುಡುಕತಕ್ಕದ್ದು.

ಆಹಾರದ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮಲ್ಲಿ ಬಹು ಮನೆಗಳು ಸಸ್ಯಾಹಾರದವು. ಹಿಂದೆ ಬೆಕ್ಕಿಗೆ ಜೋಳದ ರೊಟ್ಟಿ ಹಾಲು ಹಾಕುತ್ತಿದ್ದರೂ ಅದು ಹಗೇವಿನ ಸುತ್ತ, ಕಣಜದ ಹಿಂದೆ ಇಲಿ ಹಿಡಿದು ತನ್ನ ಊಟವನ್ನು ತಾನು ಪೂರೈಸಿಕೊಳ್ಳುತ್ತಿದ್ದಿತು. ಈಗ ಕದ ಮುಚ್ಚಿದೆವು. ರೊಟ್ಟಿ ಹಾಲು ಮಾತ್ರ ಉಳಿಯಿತು. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಕಣ್ಣಿಗೂ ಹೃದಯಕ್ಕೂ ಬೇಕಾದ ಟೌರಿನ್ ಎಂಬ ದ್ರವ್ಯ ಅದಕ್ಕೆ ಮಾಂಸದಿಂದಲೇ ದೊರಕತಕ್ಕದ್ದು. ಚರ್ಮಕ್ಕೆ ಬೇಕಾದ ಕೊಬ್ಬನ್ನೆಲ್ಲ ಸಸ್ಯದ ಎಣ್ಣೆಯಿಂದ ಅದು ತಯಾರಿಸಿಕೊಳ್ಳಲಾರದು. ಒಲೆಯ ಮೇಲೆ ಮಾಂಸ ಬೇಯಿಸಲೊಲ್ಲದ ಮನೆಯವರು ಬೆಕ್ಕಿಗೆಂದೇ ತಯಾರಾಗಿ ಬರುವ ಒಣ ಆಹಾರವನ್ನು ಪ್ರತ್ಯೇಕ ಬಟ್ಟಲಿನಲ್ಲಿ ಹಾಕಬಹುದು. ನಮ್ಮ ವ್ರತವನ್ನು ನಾವು ಪಾಲಿಸೋಣ. ಬೆಕ್ಕಿನ ಮೇಲೆ ಹೇರುವದು ಬೇಡ. ಕೆಲವು ಬೆಕ್ಕುಗಳಿಗೆ ಯಾವದೋ ಒಂದು ಆಹಾರವೇ ಒಗ್ಗದೆ ಮುಖ ಕೊರಳುಗಳಲ್ಲಿ ತುರಿಕೆ ಹತ್ತುವದೂ ಉಂಟು. ವೈದ್ಯರು ಅಂಥಲ್ಲಿ ಹಿಂದೆಂದೂ ತಿನ್ನದ ಒಂದೇ ಬಗೆಯ ಆಹಾರವನ್ನು ಸುಮಾರು 8 ವಾರ ಕೊಟ್ಟು ಪರೀಕ್ಷಿಸುವರು.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಬೆಕ್ಕಿನ ಮೈಯನ್ನು ಬಿಟ್ಟು ಮನೆಗೆ ಚಿಕಿತ್ಸೆ ಮಾಡಿರಿ. ಬೆಕ್ಕು ಮಲಗುವ ಕೌದಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಕಡುಬಿಸಿಲಿನಲ್ಲಿ ಒಣಗಿಸಿರಿ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಅದು ಪುಕ್ಕಟೆಯ ಔಷಧ. ನೆಲದ ಬಿರುಕುಗಳನ್ನು ಮೆತ್ತಿ, ಮೂಲೆಗಳನ್ನು ದಿನಾಲು ಗುಡಿಸಿ, ಆ ಕಸವನ್ನು ಮನೆಯಿಂದ ದೂರ ಚೆಲ್ಲಿರಿ. ಸಣಬಾಚಣಿಗೆಯಿಂದ ಬೆಕ್ಕನ್ನು ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನಿನ ನೀರಿನ ಬಟ್ಟಲಿಗೆ ಹಾಕಿರಿ. ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುವರು.

ಮೈಮೇಲಿನ ಔಷಧವನ್ನು ಮಾತ್ರ ಪಶುವೈದ್ಯರಿಗೆ ಬಿಡತಕ್ಕದ್ದು. ತಾಲೂಕಿನ ಪಶು ಆಸ್ಪತ್ರೆ ಎತ್ತು ಎಮ್ಮೆಗಳಿಗಷ್ಟೇ ಎಂದು ತಿಳಿದು ಬೆಕ್ಕನ್ನು ಒಯ್ಯಲು ನಾಚುವವರುಂಟು. ಆ ನಾಚಿಕೆ ಸಲ್ಲದು. ಗಾಳಿಯಾಡುವ ಮುಚ್ಚಿದ ಬುಟ್ಟಿಯಲ್ಲಿ ಒಯ್ಯಿರಿ. ಸೆಲಮೆಕ್ಟಿನ್, ಫಿಪ್ರೋನಿಲ್ ಮೊದಲಾದ ಔಷಧಗಳು ಬೆಕ್ಕಿಗೆಂದೇ ಅಳತೆ ಮಾಡಿ ಬರುವವು. ತೂಕವನ್ನು ನೋಡಿ, ಕುತ್ತಿಗೆಯ ಹಿಂದೆ ರೋಮವನ್ನು ಬಿಡಿಸಿ, ಚರ್ಮದ ಮೇಲೆ ಹನಿ ಹಾಕುವರು. ಅಲ್ಲಿಯೇ ಯಾಕೆಂದು ನಾವು ಕೇಳಿದೆವು. "ಅಲ್ಲಿಗೆ ನಾಲಗಿ ಮುಟ್ಟೂದಿಲ್ಲರಿ ಮಾಸ್ತರ" ಎಂದರು ವೈದ್ಯರು. ನಾವು ಕಲಿಸಿದ ವ್ಯುತ್ಪತ್ತಿಯ ಭಾಷ್ಯವನ್ನು ಅವರಿಂದ ಕಲಿತಂತಾಯಿತು. ಮನೆಯಲ್ಲಿ ಬೇರೆ ಬೆಕ್ಕು ನಾಯಿಗಳಿದ್ದರೆ ಅವಕ್ಕೂ ಅವವುಗಳಿಗೆ ತಕ್ಕ ಔಷಧ ಏಕಕಾಲಕ್ಕೆ ಆಗಬೇಕು. ಗೂಡಿನಲ್ಲಿ ಕಾದಿರುವ ಚಿಗಟಗಳು ತೀರುವ ವರೆಗೆ, ಎಂದರೆ ಎರಡು ಮೂರು ತಿಂಗಳು, ಬಿಡದೆ ನಡೆಸಬೇಕು. ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ಔಷಧ ಬದಲಿಸುವವರೇ ಬೆಕ್ಕನ್ನು ಕಳೆದುಕೊಳ್ಳುವವರು.

ಸಿಂದಗಿಯ ವಾಚಕಿಯವರಿಗೆ ನಮ್ಮ ಉತ್ತರವಿಷ್ಟೇ: ತಮ್ಮ ಮನೆಯಲ್ಲಿರುವ ಯಾವ ವಸ್ತುವನ್ನೂ ಹಚ್ಚಬೇಡಿರಿ; ಕೌದಿ ಒಗೆಯಿರಿ, ಬಾಚಿರಿ, ವೈದ್ಯರಿಗೆ ತೋರಿಸಿರಿ. ಕಳೆದ ವರುಷ ನಮ್ಮ ಮೊಮ್ಮಗಳು ಬೂದುಬಣ್ಣದ ಮರಿಯೊಂದನ್ನು ಮನೆಗೆ ತಂದಳು. ಅದನ್ನು ಒಳಗೆ ಬಿಡುವ ಮುಂಚೆ ಕೊಟ್ಟಿಗೆಗೆ ಹೋಗಿ, ಮಾಡದಲ್ಲಿದ್ದ ಶೀಸೆಗಳನ್ನೆಲ್ಲ ತಂದು ನಮ್ಮ ಮುಂದಿಟ್ಟು, "ಇವನ್ನ ಓದು ಅಜ್ಜಾ" ಎಂದಳು. ನಾವು ಕನ್ನಡಕವನ್ನು ಹಾಕಿಕೊಂಡು ಒಂದೊಂದಾಗಿ ಓದಿದೆವು.