ಹಳೆಯ ಬೊಲೆರೊಗೆ ಯಾವ ಪಾಟಾ?

ಸಪಾಟು ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿದರೆ ನಮ್ಮ ಬೊಲೆರೊ ಎಡಕ್ಕೆ ಎರಡು ಬೆರಳಿನಷ್ಟು ವಾಲಿ ನಿಂತಿರುವುದು ಗೊತ್ತಾಗುತ್ತದೆ. ಕುಮಾರಪಟ್ಟಣದಲ್ಲಿ ನಾವು ಯಾವಾಗಲೂ ಗಾಡಿ ತೋರಿಸುವ ಮೆಕ್ಯಾನಿಕ್ ಅಡಿಯಲ್ಲಿ ತೂರಿ, ಟಾರ್ಚ್ ಹಿಡಿದು ನೋಡಿ, ಹೊರಗೆ ಬರುವ ಮೊದಲೇ ಹೇಳಿಬಿಟ್ಟ: “ಪಾಟಾ ಕುಂತಾವ್ರಿ ಅಣ್ಣಾರ. ಶಾಕಪ್ ಎರಡೂ ಎಣ್ಣಿ ಬಿಟ್ಟಾವು. ಬುಶ್ ಅಂತೂ ಕೇಳೂದ ಬ್ಯಾಡ.”

2009ರ ಗಾಡಿ. ಕೆಎ-27 ನಂಬರು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಹದಿನೈದು ವರ್ಷ ತುಂಬಿದ ಮೇಲೆ 2024ರಲ್ಲಿ ನೋಂದಣಿ ನವೀಕರಿಸಿದೆವು. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಗಿತ್ತು. ನವೀಕರಣ ಸಿಗುವುದು ಐದು ವರ್ಷಕ್ಕೆ. ಅಂದರೆ 2029ರವರೆಗೆ ಈ ಗಾಡಿ ನಮ್ಮ ಮನೆಯವರನ್ನು ಹೊತ್ತು ಓಡಬೇಕು. ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ರಿಪೇರಿಯ ಮಾತಿಗೆ ಕುಳಿತೆವು.

ಮನೆಯಲ್ಲಿ ಎರಡು ಪಕ್ಷವಾಯಿತು. ಮಾವನವರು ಹಿಂದೆ ನೀಲಗಿರಿ ಕಟ್ಟಿಗೆಯ ಲಾರಿ ಓಡಿಸಿದವರು. ಹರಿಹರ ಪಾಲಿಫೈಬರ್ಸ್ 1972ರಲ್ಲಿ ಇಲ್ಲಿ ಕೆಲಸ ಶುರು ಮಾಡಿದಂದಿನಿಂದ ಮರವನ್ನು ತಿರುಳು ಮಾಡುತ್ತಿರುವ ಕಾರ್ಖಾನೆ. ಅದಕ್ಕೆ ಕಟ್ಟಿಗೆ ತರುವ ಲಾರಿಗಳ ಪಾಟಾ ಮುರಿಯುವುದು, ಕೂರುವುದು, ಮತ್ತೆ ಏಳುವುದು ಅವರ ಕಣ್ಣೆದುರೇ ನಡೆದ ಸಂಗತಿ. “ಪಾಟಾ ಬಿಚ್ಚಿಸಿ ಕಮಾನು ಹೊಡಸ್ರಿ, ಮೇನ್ ಪ್ಲೇಟ್ ಒಂದು ಹೊಸಾದು ಹಾಕ್ರಿ, ಸಾಕು” ಎಂದರು ಅವರು. ತಮ್ಮನದು ಇನ್ನೊಂದು ಹಟ: “ಕಂಪನಿ ಪಾರ್ಟ್ ಬಿಟ್ಟು ಬೇರೆ ಏನೂ ಮುಟ್ಟಬ್ಯಾಡ್ರಿ.”

ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದೊಂದನ್ನೂ ಬಿಚ್ಚಿ ನೋಡಬೇಕು.

ಮೊದಲು ಮಾವನವರ ಮಾತು. ಪಾಟಾ ಎಂದರೆ ಬರೀ ಕಬ್ಬಿಣದ ಪಟ್ಟಿಯಲ್ಲ. ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಸೇರಿದ ಸ್ಪ್ರಿಂಗ್ ಉಕ್ಕು. ಹದಿನೈದು ವರ್ಷ ಮುರಿಯದೆ ದುಡಿದ ಪಟ್ಟಿ ತಾನು ಎಂಥ ಉಕ್ಕು ಎಂಬುದನ್ನು ತೋರಿಸಿಕೊಟ್ಟಿದೆ. ಅದನ್ನು ಗುಜರಿಗೆ ಹಾಕಿ, ಹೆಸರಿಲ್ಲದ ಅಂಗಡಿ ಮಾಲು ತಂದರೆ ಅಳತೆ, ದಪ್ಪ, ತೂತು ಎಲ್ಲ ಸರಿಯಾಗಿಯೇ ಇರುತ್ತವೆ, ಒಳಗಿನ ಉಕ್ಕು ಯಾವುದೆಂದು ಯಾರಿಗೂ ಕಾಣುವುದಿಲ್ಲ. ವರ್ಷ ತುಂಬುವುದರೊಳಗೆ ಮತ್ತೆ ಕುಳಿತ ಹೊಸ ಪಾಟಾಗಳನ್ನು ನಾನೇ ನೋಡಿದ್ದೇನೆ. ಇನ್ನೊಂದು, ಕೆಲಸದ ಕೈ. ಹೊಳೆಯ ಆಚೆ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದಶಕಗಳ ಕಾಲ ಲೇತ್ ಮಷಿನ್ ಮಾಡಿತು. ಆ ಕಾರ್ಖಾನೆ ಮುಚ್ಚಿತಾದರೂ ಈ ಸೀಮೆಯಲ್ಲಿ ಲೇತಿನ ಮುಂದೆ ನಿಂತು ಕೂದಲೆಳೆಯ ಲೆಕ್ಕದಲ್ಲಿ ಪಿನ್ನು, ಬುಶ್ಶು ತಿರುವಿಕೊಡುವವರಿಗೆ ಬರವಿಲ್ಲ. ಸವೆದ ಶ್ಯಾಕಲ್ ಪಿನ್ ಬೆಳಿಗ್ಗೆ ಕೊಟ್ಟರೆ ಸಂಜೆಗೆ ಹೊಸದು ಕೈಗೆ ಬರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಏರುವ ಹೊತ್ತಿನಲ್ಲಿ, ಮಾರುಕಟ್ಟೆಯ ದಿನಗಳಾದ ಸೋಮವಾರ ಗುರುವಾರ ಬಂತೆಂದರೆ ಚೀಲ ಏರಿಸಿ ಹೊರಡಬೇಕಾದವರಿಗೆ, ಪಾರ್ಟಿಗಾಗಿ ವಾರಗಟ್ಟಲೆ ಗಾಡಿ ನಿಲ್ಲಿಸುವುದು ಪಾರ್ಟಿನ ಬೆಲೆಗಿಂತ ದುಬಾರಿ.

ಆದರೆ ಕಮಾನು ಹೊಡೆಯುವುದನ್ನು ಹತ್ತಿರ ನಿಂತು ನೋಡಿ. ಪಟ್ಟಿಯನ್ನು ಒಳಬಾಗು ಮೇಲಾಗಿ ಇಟ್ಟು, ಎರಡು ಆಸರೆಗಳ ನಡುವೆ ಸುತ್ತಿಗೆಯಿಂದ ಗೇಣು ಗೇಣಿಗೂ ಬಡಿಯುತ್ತಾರೆ. ಪ್ರತಿ ಏಟಿಗೂ ಪಟ್ಟಿ ಚೂರುಚೂರೇ ಬಾಗುತ್ತದೆ. ಮೈಮೇಲೆ ಉಗುರಿನಗಲದ ತಗ್ಗು ಉಳಿಯುತ್ತದೆ. ಗಾಡಿಯ ಭಾರ ಬಿದ್ದಾಗ ಎಳೆತಕ್ಕೆ ಸಿಕ್ಕಿ ಹಿಗ್ಗುವ ಮೈಯೂ ಅದೇ. ಬಿರುಕು ಹುಟ್ಟುವುದಕ್ಕೆ ಆ ತಗ್ಗುಗಳಲ್ಲಿ ಒಂದು ಸಾಕು. ಕಾರ್ಖಾನೆಯಲ್ಲಿ ಇದೇ ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸಿಡಿಸಿ, ಮೇಲ್ಪದರವನ್ನು ಅದುಮಿ, ಬಿರುಕು ಬಾಯಿ ಬಿಡದಂತೆ ಗಟ್ಟಿ ಮಾಡಿರುತ್ತಾರೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದು ಇನ್ನೂ ಕೆಟ್ಟದ್ದು. ಸ್ಪ್ರಿಂಗ್ ಉಕ್ಕನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯಲ್ಲಿ ಹದ ಮಾಡಿದರೆ ಮಾತ್ರ ಅದಕ್ಕೆ ಬಾಗಿ ಮರಳುವ ಗುಣ. ಇದ್ದಿಲ ಕುಲುಮೆಯಲ್ಲಿ ಕಣ್ಣಳತೆಯಲ್ಲಿ ಕಾಯಿಸಿದರೆ ಆ ಹದ ಕೆಡುತ್ತದೆ; ಪಟ್ಟಿ ಮೆತ್ತಗಾಗಿ ಬೇಗ ಕೂರುತ್ತದೆ, ಇಲ್ಲವೇ ಪೆಡಸಾಗಿ ಮುರಿಯುತ್ತದೆ. ಪಾಟಾದಲ್ಲೂ ಎರಡು ಜಾತಿ ಇವೆ. ಒಂದರ ಮೇಲೊಂದು ಹಲವು ಪಟ್ಟಿ ಒತ್ತಾಗಿ ಕುಳಿತಿರುವುದು ಹಳೆಯ ನಮೂನೆ. ನಡುವೆ ದಪ್ಪ, ತುದಿಗೆ ತೆಳ್ಳಗಾಗುತ್ತಾ ಹೋಗುವ, ಎರಡು ಮೂರೇ ಪಟ್ಟಿಯ ಪ್ಯಾರಾಬೋಲಿಕ್ ಇನ್ನೊಂದು. ಎರಡನೆಯದಕ್ಕೆ ಸುತ್ತಿಗೆ ಮುಟ್ಟಿಸಲೇಬಾರದು. ಅಲ್ಲಿ ಒಂದೊಂದು ಪಟ್ಟಿಯ ಮೇಲೂ ಭಾರ ಹೆಚ್ಚು, ಒಂದು ಹೋದರೆ ಹಿಡಿದು ನಿಲ್ಲಿಸಲು ಉಳಿದವು ಕಡಿಮೆ.

ಇನ್ನು ತಮ್ಮನ ಮಾತು. ಕಂಪನಿ ಪಾರ್ಟಿನ ದೊಡ್ಡ ಬಲ ಅದರ ಹೊಂದಾಣಿಕೆ. ಭಾರ ಹೊರುವುದು ಸ್ಪ್ರಿಂಗ್. ಅದು ಒಮ್ಮೆ ಕುಣಿದ ಮೇಲೆ ಕುಣಿಯುತ್ತಲೇ ಇರದಂತೆ ಹಿಡಿಯುವುದು ಶಾಕಪ್. ಶಾಕಪ್ಪಿನೊಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ, ಕುಣಿತದ ಬಲವೆಲ್ಲ ಶಾಖವಾಗಿ ಹೋಗುತ್ತದೆ. ಯಾವ ಬಿಗಿಯ ಪಾಟಾಗೆ ಎಷ್ಟು ತಡೆಯುವ ಶಾಕಪ್ ಬೇಕೆಂಬುದನ್ನು ಗಾಡಿ ಮಾಡಿದವರು ಅಳೆದು ಕೂಡಿಸಿರುತ್ತಾರೆ. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದರೆ ಆ ಜೋಡಿ ಒಡೆಯುತ್ತದೆ. ಜತೆಗೆ ಬಿಲ್ಲು ಸಿಗುತ್ತದೆ, ಕೆಟ್ಟರೆ ಕೇಳುವ ಹಕ್ಕು ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18 ಆಗಿದೆ. ಅದಕ್ಕೂ ಮೊದಲು ಶಾಕಪ್‌ನಂಥವಕ್ಕೆ ಶೇ 28 ಇತ್ತು. ಬಿಲ್ಲಿಲ್ಲದೆ ಕೊಳ್ಳುವುದರಲ್ಲಿ ಉಳಿಯುತ್ತಿದ್ದ ಹಣ ಅಷ್ಟು ಕಡಿಮೆಯಾಯಿತು ಎಂಬುದನ್ನು ಅಂಗಡಿ ಮುಂದೆ ನಿಂತಾಗ ನೆನೆಯಿರಿ.

ತಮ್ಮನ ವಾದದ ಸೋಲೂ ಇದೆ. ಕಂಪನಿಯವರು ಕೆಲವು ಪಾರ್ಟುಗಳನ್ನು ಬಿಡಿಬಿಡಿಯಾಗಿ ಕೊಡದೆ ಇಡೀ ಜೋಡಣೆಯನ್ನೇ ಕೊಳ್ಳಿ ಎನ್ನುತ್ತಾರೆ. ಬಾಲ್ ಜಾಯಿಂಟ್ ಒಂದೇ ಸವೆದಿದ್ದರೂ ಲೋವರ್ ಆರ್ಮ್ ಪೂರ್ತಿ ತೆಗೆದುಕೊಳ್ಳಬೇಕಾದ ಪ್ರಸಂಗ ಬರುತ್ತದೆ. ಹಳೆಯ ಮಾಡೆಲ್ ಎಂದರೆ ಕಾಯಬೇಕು. ಅದಕ್ಕಿಂತ ಮುಖ್ಯವಾದದ್ದು, ಕಂಪನಿಯ ಪಾಟಾ ಲೆಕ್ಕ ಹಾಕಿರುವುದು ಕಂಪನಿ ಹೇಳಿದ ಭಾರಕ್ಕೆ. ಏಳು ಜನ ಕೂರುವ ಗಾಡಿಯ ಹಿಂದಿನ ಸೀಟು ಮಡಚಿ ಮೆಣಸಿನಕಾಯಿ, ಮೆಕ್ಕೆಜೋಳ, ಬೀಜದ ಚೀಲ ತುಂಬಿ, ಮೇಲೆ ಇಬ್ಬರನ್ನು ಹತ್ತಿಸುವ ನಮ್ಮ ರೂಢಿ ಆ ಲೆಕ್ಕದಲ್ಲಿಲ್ಲ. ಮಳೆ ಬಿದ್ದರೆ ಉಬ್ಬುವ, ಬಿಸಿಲಿಗೆ ಬಾಯಿ ಬಿಡುವ ಎರೆ ಹೊಲದ ದಾರಿಯೂ ಆ ಲೆಕ್ಕದಲ್ಲಿದೆಯೇ ಎಂಬುದು ನನ್ನ ಅನುಮಾನ. ಹೆದ್ದಾರಿ 48ರಲ್ಲಿ ರಾಣೆಬೆನ್ನೂರಿಗೋ ಹಾವೇರಿಗೋ ಹೋಗುವಾಗ ಗಾಡಿಗೆ ಯಾವ ಕಷ್ಟವೂ ಇಲ್ಲ. ಕಷ್ಟ ಇರುವುದು ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದ ಮೇಲೆ.

ಇವರಿಬ್ಬರ ನಡುವೆ ಮೂರನೆಯ ದಾರಿ ಇದೆ, ಇಬ್ಬರೂ ಅದನ್ನು ಮರೆತಿದ್ದರು. ಗಾಡಿ ಕಂಪನಿಗಳು ಶಾಕಪ್, ಪಾಟಾ ಎಲ್ಲವನ್ನೂ ತಾವೇ ಮಾಡುವುದಿಲ್ಲ. 1961ರಲ್ಲಿ ಶುರುವಾದ ಗ್ಯಾಬ್ರಿಯಲ್ ಇಂಡಿಯಾ ಶಾಕಪ್ ಮಾಡಿ ವಾಹನ ಕಂಪನಿಗಳಿಗೆ ಕೊಡುತ್ತದೆ, ತನ್ನದೇ ಪೆಟ್ಟಿಗೆಯಲ್ಲಿ ಅಂಗಡಿಗೂ ಕಳಿಸುತ್ತದೆ. ಯಮುನಾನಗರದ ಜಮ್ನಾ ಆಟೊ ಪಾಟಾದಲ್ಲಿ ಹಾಗೆಯೇ. ಇಂಥ ಮಾಲನ್ನು ‘ಲೋಕಲ್’ ಎಂದು ತಳ್ಳುವುದು ಅನ್ಯಾಯ. ತಯಾರಕರ ಹೆಸರು ಹೊತ್ತ ಹೊರಗಿನ ಮಾಲು ಬೇರೆ, ಹೆಸರಿಲ್ಲದ ಅಗ್ಗದ ಮಾಲು ಬೇರೆ, ಇನ್ನೊಬ್ಬರ ಹೆಸರು ಅಚ್ಚು ಹಾಕಿದ ಡೂಪ್ಲಿಕೇಟ್ ಬೇರೆ. ನಮ್ಮ ಬಾಯಲ್ಲಿ ಮೂರೂ ‘ಲೋಕಲ್’ ಆಗಿಬಿಟ್ಟಿವೆ, ಜಗಳಕ್ಕೆ ಅರ್ಧ ಕಾರಣ ಅದೇ. ಆಸ್ಟ್ರೇಲಿಯಾದಂಥ ದೇಶದಲ್ಲಿ ಹಳೆಯ ಜೀಪುಗಳಿಗೆ ಓಲ್ಡ್ ಮ್ಯಾನ್ ಈಮುವಿನಂಥ ಹೊರಗಿನ ಸ್ಪ್ರಿಂಗುಗಳನ್ನೇ ಹುಡುಕಿ ಹಾಕಿಸುವವರು ಬಹಳ. ಒಂದೇ ಗಾಡಿಗೆ ಬೇರೆ ಬೇರೆ ಭಾರದ ಸ್ಪ್ರಿಂಗುಗಳಿರುತ್ತವೆ. ಕಾಯಂ ಎಷ್ಟು ಹೊರೆ ಹೊರುತ್ತೀರಿ ಎಂದು ಕೇಳಿಕೊಂಡು ಕೊಡುತ್ತಾರೆ. ಆ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ನಾವೇ ಹೇಳಬೇಕು.

ಹೊರೆ ಎಂದಾಕ್ಷಣ ನಮ್ಮವರಿಗೆ ಹೊಳೆಯುವುದು ಒಂದೇ ಉಪಾಯ: ಒಂದು ಪ್ಲೇಟ್ ಜಾಸ್ತಿ ಹಾಕಿಸುವುದು. ತುಂಬಿದ ಗಾಡಿ ಕೂರುವುದಿಲ್ಲ, ಅದು ನಿಜ. ಆದರೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಪ್ರತಿ ತಗ್ಗಿಗೂ ನೆಲ ಬಿಟ್ಟು ಹಾರುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಅಡ್ಡ ಬರುತ್ತದೆ. ಹಿಂದೆ ಎತ್ತರವಾದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಸವೆಯುತ್ತದೆ. ಪಾಟಾ ನುಂಗಬೇಕಾದ ಏಟು ಚಾಸಿಗೆ ಹೋಗುತ್ತದೆ. ದಿನಾ ಹೊರೆ ಹೊರುವ ಗಾಡಿಗೆ ಇದು ಸರಿ. ವಾರಕ್ಕೊಮ್ಮೆ ಚೀಲ, ಉಳಿದ ಆರು ದಿನ ಹೆಂಡತಿ ಮಕ್ಕಳು ಎನ್ನುವ ಗಾಡಿಗೆ ಇದು ಬೇಡವೇ ಬೇಡ. ಅಂಥವರು ಹೊರೆಯನ್ನು ಎರಡು ಸಲಕ್ಕೆ ಒಯ್ಯಲಿ.

ಹಾಗಾದರೆ ಏನು ಮಾಡಬೇಕು? ಪಾರ್ಟ್ ಮುರಿದರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಕಳಚಿದರೆ ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಯು-ಬೋಲ್ಟ್ ಸಡಿಲವಾದರೆ, ಮೇನ್ ಪ್ಲೇಟಿನ ಕಣ್ಣು ಮುರಿದರೆ ಹಿಂದಿನ ಆಕ್ಸಲ್ಲೇ ಜಾಗ ಬಿಟ್ಟು ಸರಿಯುತ್ತದೆ. ಇವುಗಳಲ್ಲಿ ಹಣದ ಮುಖ ನೋಡಬಾರದು. ಕಂಪನಿಯದು, ಇಲ್ಲವೇ ಕಂಪನಿಗೇ ಕೊಡುವ ತಯಾರಕರದು, ಸೀಲ್ ಒಡೆಯದ ಪೆಟ್ಟಿಗೆ, ಬಿಲ್ಲು. ಬಿಚ್ಚಿದ ಯು-ಬೋಲ್ಟ್ ಮತ್ತೆ ಹಾಕಿಸಬೇಡಿ. ಒಮ್ಮೆ ಬಿಗಿದಾಗ ಎಳೆದು ಕೂತ ಬೋಲ್ಟ್ ಎರಡನೆಯ ಸಲ ಅಷ್ಟು ಹಿಡಿಯುವುದಿಲ್ಲ. ಶಾಕಪ್ ಕೆಟ್ಟರೆ ಗಾಡಿ ತೂಗಾಡುತ್ತದೆ, ಟೈರ್ ಅಲ್ಲಲ್ಲಿ ತಿಂದುಹೋಗುತ್ತದೆ, ಬ್ರೇಕ್ ಹಿಡಿತ ತಗ್ಗುತ್ತದೆ, ಆದರೆ ಅದು ಮುಂಚೆಯೇ ಹೇಳಿ ಹೋಗುತ್ತದೆ. ಅಲ್ಲಿ ಹೆಸರುಳ್ಳ ಹೊರಗಿನ ಮಾಲು ಧಾರಾಳವಾಗಿ ಸಾಕು, ಎಡ ಬಲ ಎರಡೂ ಒಟ್ಟಿಗೆ ಬದಲಾಗಬೇಕು ಅಷ್ಟೇ. ಶ್ಯಾಕಲ್ ಪಿನ್ನಿಗೆ ಊರಿನ ಲೇತ್ ಇದ್ದೇ ಇದೆ. ಗುಜರಿಯಿಂದ ಬಂದ ಹಳೆಯ ಪಾಟಾ ಮಾತ್ರ ಯಾವ ಬೆಲೆಗೂ ಬೇಡ. ಅದು ಎಷ್ಟು ದುಡಿದು ಬಂದಿದೆಯೋ ಯಾರು ಬಲ್ಲರು?

ನಮ್ಮ ಗಾಡಿಗೆ ಕೊನೆಗೆ ಎರಡೂ ಕಡೆಗೆ ಹೊಸ ಪಾಟಾ ಸೆಟ್ಟು, ಹೊಸ ಯು-ಬೋಲ್ಟ್, ಹೊರಗಿನ ಹೆಸರುಳ್ಳ ಶಾಕಪ್ ಹಾಕಿಸಿದೆವು. ಮಾವನವರ ಮಾತು ಪೂರ್ತಿ ಬಿಡಲಿಲ್ಲ: ಪಿನ್ನುಗಳನ್ನು ಹರಿಹರದಲ್ಲಿ ತಿರುವಿಸಿದೆವು. ಪ್ಲೇಟ್ ಮಾತ್ರ ಹೆಚ್ಚಿಸಲಿಲ್ಲ. ಗಾಡಿಗೆ ಇನ್ನು ಒಂದೇ ವರ್ಷದ ಆಯುಷ್ಯ ಇದ್ದಿದ್ದರೆ, ನಮ್ಮದು ಹಳೆಯ ನಮೂನೆಯ ಪಾಟಾ ಆದ್ದರಿಂದ, ನಾನೂ ಕಾಯಿಸದೆ ಕಮಾನು ಹೊಡೆಸಿ ಮೇನ್ ಪ್ಲೇಟ್ ಹೊಸದು ಹಾಕಿಸುವುದಕ್ಕೇ ಒಪ್ಪುತ್ತಿದ್ದೆ. ಐದು ವರ್ಷದ ಓಟಕ್ಕೆ ಆ ಲೆಕ್ಕ ಕೂಡಲಿಲ್ಲ.

ಯಾವ ಪಾರ್ಟ್ ತಂದರೂ ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿರುವಾಗಲೇ ಪೂರ್ತಿ ಬಿಗಿದುಬಿಡುವುದು ಎಲ್ಲ ಕಡೆ ಇರುವ ಅಭ್ಯಾಸ. ಆಗ ಪಾಟಾ ಜೋತು ಬಿದ್ದಿರುತ್ತದೆ. ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ, ದೂರು ಬರುವುದು ಬುಶ್ಶಿನ ಮೇಲೆ. ಜಾಕ್ ಇಳಿಸಿ, ನಾಲ್ಕೂ ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊನೆಯ ಸುತ್ತು ಬಿಗಿಯಿರಿ ಎಂದು ಮೆಕ್ಯಾನಿಕ್ಕಿಗೆ ಹೇಳಿ, ಬಿಗಿಯುವ ತನಕ ಪಕ್ಕದಲ್ಲೇ ನಿಲ್ಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟಿಗೆ ಇನ್ನೊಮ್ಮೆ ಪಾನಾ ಹಾಕಿಸಿ.