ವ್ಯವಹಾರ–ಧರ್ಮ: ನಳದ ನೀರು ಮತ್ತು ಬಾಡಿಗೆಯ ಪಾವತಿ



ಕಳೆದ ಚಾತುರ್ಮಾಸದಲ್ಲಿ ಒಂದು ದಿನ ಪ್ರವಚನ ಮುಗಿಸಿಕೊಂಡು ಬಸ್ತಿಯ ಮೆಟ್ಟಿಲು ಇಳಿಯುತ್ತಿದ್ದೆವು. ನಮ್ಮ ಸಮಾಜದ ಒಬ್ಬ ವಿಧವಾ ಸಹೋದರಿ ಚಪ್ಪಲಿ ಬಿಡುವ ಕಡೆ ನಮ್ಮನ್ನೇ ಕಾಯುತ್ತ ನಿಂತಿದ್ದರು. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಕಾಕಾ, ನಾಲ್ಕ ದಿನಾತು ನಳಕ್ಕ ನೀರಿಲ್ಲ. ಮಾಲಕರು ಮೇಲಿನ ಕಾಕ ಬಂದ್ ಮಾಡ್ಯಾರ. ಮನಿ ಬಿಡೋತನಾ ಬಿಡೂದಿಲ್ಲ ಅಂತಾರ."

ಆ ಮನೆಯಲ್ಲಿ ಅವರ ಯಜಮಾನರು ಇಪ್ಪತ್ತೆರಡು ವರ್ಷ ಬಾಡಿಗೆಗೆ ಇದ್ದರು. ಅವರು ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಮಾಲಕರೂ ನಮ್ಮ ಸಮಾಜದವರೇ. ಪಂಚಕಲ್ಯಾಣದಲ್ಲಿ ದೊಡ್ಡ ಸವಾಲು ಹಿಡಿದವರು. ನಾವು ಆಗ ಏನು ಹೇಳಿದೆವು ಎಂಬುದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. "ನಮ್ಮ ನಮ್ಮೊಳಗಿನ ಮಾತು ಹೊರಗ ಯಾಕವ್ವಾ? ಬ್ಯಾರೆ ಮನಿ ನೋಡ್ಕೋ" ಎಂದೆವು. ಆ ತಾಯಿ ಕಣ್ಣಲ್ಲಿ ನೀರು ತರಲಿಲ್ಲ. "ಬಾಡಿಗಿ ಒಂದ ತಿಂಗಳಾನೂ ತಪ್ಪಿಸಿಲ್ಲ ಕಾಕಾ. ನಮ್ಮ ತಪ್ಪ ಏನೈತಿ ಅಷ್ಟ ಹೇಳ್ರಿ, ಬಿಟ್ಟ ಹೊಕ್ಕೇನಿ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ತಂದೆಯವರ ನೆನಪಾಯಿತು. ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದು ಬಾಡಿಗೆಯ ಕಿರಾಣಿ ಅಂಗಡಿ. 1984ರಲ್ಲಿ ಆ ಕಟ್ಟಡ ಬೇರೆಯವರ ಕೈಗೆ ಹೋಯಿತು. ಹೊಸ ಮಾಲಕರು ಮೊದಲ ತಿಂಗಳು ಬಾಡಿಗೆ ತೆಗೆದುಕೊಂಡು ಪಾವತಿ ಕೊಡಲಿಲ್ಲ. ಎರಡನೆಯ ತಿಂಗಳು "ಇರಲಿ, ಆಮೇಲೆ ನೋಡೋಣ" ಎಂದು ಹಣವನ್ನೇ ತೆಗೆದುಕೊಳ್ಳಲಿಲ್ಲ. ತಂದೆಯವರು ಕನ್ನಡ ನಾಲ್ಕನೆಯ ಇಯತ್ತೆ ಕಲಿತವರು, ಆದರೆ ವ್ಯಾಪಾರಿ. ಹಣ ಬೇಡ ಎನ್ನುವವನ ಮನಸ್ಸಿನಲ್ಲಿ ಬೇರೇನೋ ಇದೆ ಎಂಬುದು ಅವರಿಗೆ ತಕ್ಷಣ ತಿಳಿಯಿತು. ಮರುದಿನವೇ ಪೋಸ್ಟಿಗೆ ಹೋಗಿ ಮನಿಆರ್ಡರ್ ಮಾಡಿದರು. ಅದು ತಿರುಗಿ ಬಂತು. ಮುಂದಿನ ತಿಂಗಳು ಮತ್ತೆ ಮಾಡಿದರು, ಅದೂ ತಿರುಗಿ ಬಂತು. ಹೀಗೆ ಇಪ್ಪತ್ತೊಂದು ತಿಂಗಳು. ತಿರುಗಿ ಬಂದ ಒಂದೊಂದು ಚೀಟಿಯನ್ನೂ ತಂತಿಗೆ ಚುಚ್ಚಿ ಗಲ್ಲೆಯ ಮೇಲೆ ತೂಗುಹಾಕುತ್ತಿದ್ದರು. ನಾವು ಹುಡುಗರು, "ಮನಿಆರ್ಡರಿನ ಕಮಿಶನ್ ಸುಮ್ಮನೆ ದಂಡ" ಎಂದು ಗೊಣಗುತ್ತಿದ್ದೆವು.

ಮಳೆಗಾಲದಲ್ಲಿ ಹಿಂದಿನ ಹಂಚು ಯಾರೋ ಸರಿಸಿದರು. ಎರಡು ಚೀಲ ಸಕ್ಕರೆ ನೀರಾಯಿತು. ಅಂಗಡಿಯ ಎದುರು ಗಟಾರ ಅಗೆದು ಹಾಗೆಯೇ ಬಿಟ್ಟರು. ಕೊನೆಗೆ ಬಾಡಿಗೆ ಬಾಕಿ ಎಂದು ದಾವಾ ಬಂತು. ತಂದೆಯವರು ವಕೀಲರ ಮುಂದೆ ಆ ತಂತಿಯನ್ನೇ ಇಟ್ಟರು. ಆಗ ನಡೆಯುತ್ತಿದ್ದದ್ದು 1947ರ ಮುಂಬಯಿ ಬಾಡಿಗೆ ಕಾಯದೆ. ಬಾಡಿಗೆ ಕೊಡಲು ಸದಾ ಸಿದ್ಧನಿದ್ದವನನ್ನು ಹೊರಗೆ ಹಾಕುವಂತಿಲ್ಲ ಎಂಬುದು ಅದರ ಮೂಲಮಾತು. ದಾವಾ ವಜಾ ಆಯಿತು. ಅಂದು ನಮ್ಮ ಅಂಗಡಿ ಉಳಿದದ್ದು ದೊಡ್ಡ ವಕೀಲರಿಂದಲ್ಲ, ದಂಡ ಎಂದುಕೊಂಡಿದ್ದ ಆ ಕಮಿಶನ್ನಿನಿಂದ.

ಬೆಳಗಾಗುತ್ತಲೆ ನಾವು ಪರಿಚಯದ ವಕೀಲರ ಮನೆಗೆ ಹೋಗಿ ಎರಡು ತಾಸು ಕುಳಿತು ಈಗಿನ ಕಾಯದೆ ಕೇಳಿಕೊಂಡು ಬಂದೆವು. ನಾವು ಮ್ಯಾಟ್ರಿಕ್‌ವರೆಗೆ ಕಲಿತವರು, ವಕೀಲರಲ್ಲ. ಆದರೂ ಪ್ರತಿಯೊಂದು ವ್ಯಾಪಾರಿ ಮನೆಗೆ ಇಷ್ಟು ಗೊತ್ತಿರಬೇಕೆಂದು ಅನಿಸಿದ್ದನ್ನು ವಾಚಕರ ಮುಂದೆ ಇಡುತ್ತೇವೆ.

ಮಹಾರಾಷ್ಟ್ರದಲ್ಲಿ ಈಗ ಇರುವುದು 1999ರ ಬಾಡಿಗೆ ನಿಯಂತ್ರಣ ಕಾಯದೆ. 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಮನೆ, ಅಂಗಡಿ, ಗೋದಾಮು ಮೂರಕ್ಕೂ ಅನ್ವಯ. ಆದರೆ ಕಾಯದೆಯ ಪರಿಶಿಷ್ಟದಲ್ಲಿ ಸೇರಿದ ಊರುಗಳಿಗೆ ಮಾತ್ರ. ಹಳ್ಳಿಯಲ್ಲಿ ಜಾಗ ಹಿಡಿದವರು ತಮ್ಮ ಊರು ಅದರಲ್ಲಿ ಇದೆಯೋ ಇಲ್ಲವೋ ಮೊದಲು ಕೇಳಿಕೊಳ್ಳಬೇಕು.

ಒಂದು, ನೀರು ಮತ್ತು ದೀಪ. ಕಾಯದೆಯ 29ನೆಯ ಕಲಮಿನ ಪ್ರಕಾರ ಯೋಗ್ಯ ಕಾರಣವಿಲ್ಲದೆ ಮಾಲಕರು ನೀರು, ವಿದ್ಯುತ್ತು, ಮೆಟ್ಟಿಲಿನ ದೀಪ, ಪಾಯಖಾನೆಯ ಸ್ವಚ್ಛತೆ ಇವನ್ನು ನಿಲ್ಲಿಸುವಂತಿಲ್ಲ. ಬೇರೆಯವರ ಕೈಯಿಂದ ನಿಲ್ಲಿಸುವಂತೆಯೂ ಇಲ್ಲ. ಬಾಡಿಗೆದಾರರು ಕೋರ್ಟಿಗೆ ಅರ್ಜಿ ಕೊಟ್ಟರೆ, ಪೂರ್ತಿ ವಿಚಾರಣೆ ಆಗುವ ಮೊದಲೇ ನೀರು ಬಿಡಿರೆಂದು ಮಧ್ಯಂತರ ಆದೇಶ ಮಾಡಬಹುದು. ಇದು ಶಿಕ್ಷೆಯಾಗುವ ಅಪರಾಧವೂ ಹೌದು. ಇದಕ್ಕೆ ಮುಂಬಯಿಗೆ ಹೋಗಬೇಕಿಲ್ಲ. ನಮ್ಮಂಥ ಊರುಗಳಲ್ಲಿ ಸಿವಿಲ್ ಜಡ್ಜ್ ಜೂನಿಯರ್ ಡಿವಿಜನ್ ಕೋರ್ಟಿಗೇ ಆ ಅಧಿಕಾರವಿದೆ.

ಎರಡು, ಪಾವತಿ. ಬಾಡಿಗೆ ತೆಗೆದುಕೊಂಡ ಮಾಲಕರು ಪಾವತಿ ಕೊಡಲೇಬೇಕು. ಅದು 31ನೆಯ ಕಲಮು. ಕೊಡದಿದ್ದರೆ ಜಗಳ ಬೇಡ. ಇಂದು ಬ್ಯಾಂಕಿನಿಂದ ನೇರ ಅವರ ಖಾತೆಗೆ ಹಾಕಿ, ಬ್ಯಾಂಕ್ ಪುಸ್ತಕದ ಉತಾರೆ ಇಟ್ಟುಕೊಳ್ಳಿರಿ. ಖಾತೆಯ ನಂಬರ ಕೊಡದಿದ್ದರೆ, "ಬಾಡಿಗೆ ಸಿದ್ಧವಿದೆ, ಯಾವ ರೀತಿ ಕೊಡಲಿ" ಎಂದು ಪತ್ರ ಬರೆಯಿರಿ. ಹಿಂದಿನ ರಜಿಸ್ಟರ್ ಪೋಸ್ಟು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ತಲುಪಿದ ಪುರಾವೆ ಅದರಲ್ಲಿಯೂ ಸಿಗುತ್ತದೆ. ಯಾರ ಕೈಯಲ್ಲಾದರೂ ನಗದು ಕೊಟ್ಟು ಬಾಯಿಮಾತನ್ನು ನಂಬಬೇಡಿರಿ. ನಾವು ಗಿರಾಕಿಗೆ ಐದು ರೂಪಾಯಿಯ ಉದ್ರಿ ಕೊಟ್ಟರೂ ವಹಿಯಲ್ಲಿ ಬರೆಯುವವರು. ತಲೆಯ ಮೇಲಿನ ಮಾಡಿನ ಲೆಕ್ಕ ಮಾತ್ರ ಬಾಯಿಯಲ್ಲಿ ಇಡುತ್ತೇವೆ.

ಮೂರು, ಬಾಕಿಯ ನೋಟೀಸು. ನಿಜವಾಗಿ ಬಾಡಿಗೆ ಬಾಕಿಯಿದ್ದರೂ ಮಾಲಕರು ಲಿಖಿತ ನೋಟೀಸು ಕೊಟ್ಟು 90 ದಿನ ಕಾಯದೆ ದಾವಾ ಹೂಡುವಂತಿಲ್ಲ. ದಾವಾ ಆದ ಮೇಲೂ ಸಮನ್ಸ್ ಸಿಕ್ಕ 90 ದಿನಗಳೊಳಗೆ ಎಲ್ಲ ಬಾಕಿ, ಶೇಕಡಾ 15ರ ಸರಳ ಬಡ್ಡಿ, ದಾವೆಯ ಖರ್ಚು ಕೋರ್ಟಿನಲ್ಲಿ ಕಟ್ಟಿ, ಮುಂದಿನ ಬಾಡಿಗೆಯನ್ನೂ ತಪ್ಪದೆ ಕಟ್ಟುತ್ತ ಹೋದರೆ ಬಾಕಿಯ ಕಾರಣಕ್ಕೆ ಹೊರಗೆ ಹಾಕುವ ಹುಕುಂ ಆಗುವುದಿಲ್ಲ. ಆದ್ದರಿಂದ ನೋಟೀಸು ಬಂದರೆ ಅದನ್ನು ತಿರುಗಿ ಕಳಿಸುವುದು, ಗಲ್ಲೆಯಲ್ಲಿ ಹಾಕಿ ಮರೆಯುವುದು ಎರಡೂ ಮೂರ್ಖತನ. ಅಂದೇ ತಾರೀಖು ಬರೆದಿಟ್ಟು ವಕೀಲರನ್ನು ಕಾಣಬೇಕು.

ನಾಲ್ಕು, ಯಜಮಾನರು ತೀರಿಕೊಂಡ ಮೇಲೆ. ಆ ಸಹೋದರಿಗೆ ಮಾಲಕರು ಹೇಳಿದ್ದು "ಕರಾರು ನಿನ್ನ ಗಂಡನ ಹೆಸರಿನಲ್ಲಿತ್ತು, ನೀನು ಯಾರು?" ಎಂದು. ಕಾಯದೆ ಹಾಗೆ ಹೇಳುವುದಿಲ್ಲ. ಬಾಡಿಗೆದಾರ ತೀರಿಕೊಂಡಾಗ ಅವನೊಡನೆ ಆ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಬಾಡಿಗೆಯ ಹಕ್ಕು ಬರುತ್ತದೆ. ಅಂಗಡಿಯಾದರೆ, ಅವನೊಡನೆ ಅದೇ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಕುಟುಂಬದವರಿಗೆ. ವ್ಯಾಪಾರಿಗಳೇ, ಇಲ್ಲಿ ಎಚ್ಚರವಿರಲಿ. ಮಗ ನಿಮ್ಮ ಸಂಗಡ ಕೂಡುತ್ತಿದ್ದರೆ ಅದು ಕಾಗದದಲ್ಲಿ ಕಾಣಬೇಕು. ಜಿಎಸ್‌ಟಿ, ಶಾಪ್ ಆಕ್ಟ್, ಬ್ಯಾಂಕ್ ಇವುಗಳಲ್ಲಿ ಎಲ್ಲಿ ಅವನ ಹೆಸರು ಸೇರಿಸಬಹುದು ಎಂದು ಬದುಕಿರುವಾಗಲೇ ಕೇಳಿ ಮಾಡಿಸಿರಿ.

ಐದು, ನಮ್ಮ ಕೈಯಿಂದಲೇ ಆಗುವ ತಪ್ಪು. ಕಿರುಕುಳಕ್ಕೆ ಬೇಸತ್ತು ಕೀಲಿ ಹಾಕಿ ಊರಿಗೆ ಹೋದವರನ್ನು ನಾವು ಬಲ್ಲೆವು. ಸರಿಯಾದ ಕಾರಣವಿಲ್ಲದೆ ಸತತ ಆರು ತಿಂಗಳು ಜಾಗವನ್ನು ಅದರ ಕೆಲಸಕ್ಕೆ ಬಳಸದಿದ್ದರೆ ಅದೇ ಬಿಡಿಸಲು ಕಾರಣವಾಗುತ್ತದೆ. ಹೇಳದೆ ಕೇಳದೆ ಇನ್ನೊಬ್ಬರಿಗೆ ಉಪಬಾಡಿಗೆ ಕೊಡುವುದು, ಲಿಖಿತ ಒಪ್ಪಿಗೆಯಿಲ್ಲದೆ ಪಕ್ಕಾ ಗೋಡೆ ಕಟ್ಟುವುದು, ಇವೂ ಹಾಗೆಯೇ. ಎದುರಿನವರು ಕಾಯುತ್ತಿರುವುದೇ ಇಂಥ ತಪ್ಪಿಗಾಗಿ.

ಆರು, ಜಬರದಸ್ತಿ. ಯಾರೇ ಬಂದು ಕೀಲಿ ಒಡೆದು ಸಾಮಾನು ಹೊರಗೆ ಹಾಕಿದರೆ ಮೊದಲು ಪೊಲೀಸ್ ಠಾಣೆಯಲ್ಲಿ ಲಿಖಿತ ಫಿರ್ಯಾದಿ ಕೊಟ್ಟು ಅದರ ನಕಲು ಪಡೆಯಿರಿ. 1963ರ ನಿರ್ದಿಷ್ಟ ಪರಿಹಾರ ಕಾಯದೆಯ 6ನೆಯ ಕಲಮಿನ ಪ್ರಕಾರ ಆರು ತಿಂಗಳೊಳಗೆ ದಾವಾ ಹಾಕಿದರೆ, ಮಾಲಕಿ ಯಾರದೆಂಬ ಪ್ರಶ್ನೆಗೆ ಹೋಗದೆ ತಾಬೆ ತಿರುಗಿ ಕೊಡಿಸಬಹುದು. ಏಳನೆಯ ತಿಂಗಳು ಎಚ್ಚರಾದರೆ ಆ ದಾರಿ ಮುಚ್ಚಿರುತ್ತದೆ.

ಗಡಿಯಾಚೆ ಅಂಗಡಿ ಇದ್ದವರಿಗೆ ಒಂದು ಮಾತು. ನಮ್ಮಲ್ಲಿ ಅಣ್ಣ ಗಡಹಿಂಗ್ಲಜದಲ್ಲಿ, ತಮ್ಮ ಸಂಕೇಶ್ವರ ಇಲ್ಲವೆ ನಿಪ್ಪಾಣಿಯಲ್ಲಿ ಇರುವ ಮನೆತನಗಳು ಬಹಳ. ಎರಡೂ ಕಡೆ ಕಾಯದೆ ಒಂದೇ ಎಂದು ತಿಳಿಯಬೇಡಿರಿ. ಕರ್ನಾಟಕದ 1999ರ ಬಾಡಿಗೆ ಕಾಯದೆ 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರ ಫೂಟಿಗಿಂತ ದೊಡ್ಡ ಅಂಗಡಿಗೆ ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ಮುಖ್ಯವಾಗಿ ನಿಮ್ಮ ಕರಾರುಪತ್ರ. ಇತ್ತ ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಬರೆದು ನೋಂದಣಿ ಮಾಡಿಸುವ ಹೊಣೆ ಮಾಲಕರದು. ಮಾಡಿಸದೆ ಇದ್ದರೆ ಶರ್ತಿನ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಅದು ಸುಳ್ಳೆಂದು ಸಿದ್ಧವಾಗುವವರೆಗೆ, ನಿಲ್ಲುತ್ತದೆ. ಆದರೆ ಈಗೀಗ ಎಲ್ಲೆಡೆ ಮಾಡುವ ಹನ್ನೊಂದು ತಿಂಗಳ ಲೀವ್ ಅಂಡ್ ಲಾಯಸೆನ್ಸ್ ಕರಾರಿನ ಮಾತು ಬೇರೆ. ಅದರ ಮೇಲೆ ಮನೆ ಹಿಡಿದವರು ಮುದ್ದತ್ತು ಮುಗಿದ ದಿನ ಬಿಡಬೇಕು. ತಡ ಮಾಡಿದರೆ ದುಪ್ಪಟ್ಟು ಹಣ ಬೀಳುತ್ತದೆ. ಸಹಿ ಹಾಕುವ ಮೊದಲು ತಲೆಬರಹ ಓದಿರಿ.

ಮಾಲಕರ ಮಾತನ್ನೂ ಕೇಳಬೇಕು. ಏಕೆಂದರೆ ಈ ಮಾಸಿಕವನ್ನು ಓದುವವರಲ್ಲಿ ಬಾಡಿಗೆ ಕೊಡುವವರೂ ಇದ್ದಾರೆ, ತೆಗೆದುಕೊಳ್ಳುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಇರುವುದುಂಟು. ಹಳೆಯ ಕಾಯದೆಯಲ್ಲಿ ಬಾಡಿಗೆ 1940ರ ಮಟ್ಟಕ್ಕೇ ಕಟ್ಟಿಬಿದ್ದಿತ್ತು. ಮಲ್ಪೆ ವಿಶ್ವನಾಥ ಆಚಾರ್ಯ ಅವರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ, ಒಂದು ಕಾಲಕ್ಕೆ ಯೋಗ್ಯವಿದ್ದ ಈ ಕಟ್ಟು ಕಾಲ ಕಳೆದಂತೆ ಅನ್ಯಾಯವಾಗಿದೆ ಎಂದು ಹೇಳಿತು. ಹೊಸ ಕಾಯದೆಯಲ್ಲಿ ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ ಏರಿಸುವ ಹಕ್ಕು ಮಾಲಕರಿಗೆ ಬಂದಿದೆ. ಅದನ್ನು ಅವರು ಕೇಳಿದಾಗ ಕೊಡುವುದು ಬಾಡಿಗೆದಾರನ ಧರ್ಮ. ಹಾಗೆಯೇ ಮಾಲಕರಿಗೆ ನಿಜವಾಗಿಯೂ ಸ್ವಂತಕ್ಕೆ ಜಾಗ ಬೇಕಾದರೆ ಕೋರ್ಟಿನಲ್ಲಿ ಕೇಳಬಹುದು. ಬಿಡಿಸಿದರೆ ಯಾರಿಗೆ ಹೆಚ್ಚು ತೊಂದರೆ ಎಂದು ಕೋರ್ಟು ತೂಗಿ ನೋಡುತ್ತದೆ. ದಾರಿ ಇರುವಾಗ ನಳದ ಕಾಕಕ್ಕೆ ಕೈ ಹಾಕುವುದೇಕೆ?

ನಾವು ಅಣುವ್ರತಗಳ ಹೆಸರನ್ನು ಬಾಯಿಪಾಠ ಹೇಳುತ್ತೇವೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಕಟ್ಟಿದ ದನಕ್ಕೆ ಮೇವು ನೀರು ತಡೆಯಬಾರದೆಂದು ಅದರ ಅರ್ಥ ಕೇಳಿದ್ದೇವೆ. ದನಕ್ಕೆ ಸಲ್ಲುವ ಮಾತು ವಿಧವೆಯ ನಳಕ್ಕೆ ಸಲ್ಲದೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವಿದೆ, ಅಂದರೆ ನಂಬಿ ಇಟ್ಟ ಹಣವನ್ನು ನುಂಗುವುದು. ಇದು ನಮ್ಮನ್ನೇ ಚುಚ್ಚುವ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಖೋಲಿಯನ್ನು ಬಿಟ್ಟುಹೋದ ದರ್ಜಿಯ ಐದು ಸಾವಿರ ಡಿಪಾಜಿಟ್ಟನ್ನು ಸುಣ್ಣದ ಖರ್ಚು, ಬಾಗಿಲಿನ ಖರ್ಚು ಎಂದು ಹನ್ನೊಂದು ತಿಂಗಳು ಸತಾಯಿಸಿ ಕೊಟ್ಟೆವು. ಅವನು ಕೋರ್ಟಿಗೆ ಹೋಗಲಿಲ್ಲ. ನಮ್ಮ ತಂದೆಯವರ ತಂತಿ ಮಾತ್ರ ಕಣ್ಣ ಮುಂದೆ ತೂಗುತ್ತಿತ್ತು.

ಆ ಸಹೋದರಿಯ ಮಾತಿಗೆ ಬರುತ್ತೇವೆ. ವಕೀಲರಲ್ಲಿ ಕೇಳಿಕೊಂಡು ಬಂದ ದಿನವೇ ಅವರ ಮನೆಗೆ ಹೋಗಿ ನಮ್ಮ ಹಿಂದಿನ ಸಲಹೆ ತಪ್ಪಾಯಿತೆಂದು ಹೇಳಿದೆವು. ಇಬ್ಬರು ಹಿರಿಯರನ್ನು ಕರೆದುಕೊಂಡು ಮಾಲಕರ ಬಳಿ ಹೋದೆವು. ಅವರು ಚಹಾ ಕೊಟ್ಟರು, ನೀರು ಬಿಡಲಿಲ್ಲ. ಆಗ ತಾಲೂಕಾ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿಸಿದೆವು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಬಿಟ್ಟಿ ಸಿಗುತ್ತಾರೆ. ಆಕೆಯ ಯಜಮಾನರು ಪಾವತಿಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಕೋರ್ಟಿನ ನೋಟೀಸು ಮುಟ್ಟಿದ ಮೂರನೆಯ ದಿನ ನಳಕ್ಕೆ ನೀರು ಬಂತು. ಮನೆ ಮಗನಿಗೆ ಬೇಕೆಂಬ ಮಾಲಕರ ದಾವಾ ಇನ್ನೂ ನಡೆದಿದೆ. ಅದು ಏನಾಗುವುದೋ ಹೇಳಲಾರೆವು. ಮೇಲಿನ ಕೋರ್ಟಿಗೂ ಹೋಗಬಹುದು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿಯೇ ಮುಂಬಯಿ ಹೈಕೋರ್ಟಿನ ಸರ್ಕಿಟ್ ಬೆಂಚು ನಡೆದಿರುವುದರಿಂದ ಅಷ್ಟು ದೂರದ ಓಡಾಟವಾದರೂ ತಪ್ಪಿದೆ. ಮಾಲಕರು ನಮ್ಮ ಸಂಗಡ ಮಾತು ಬಿಟ್ಟಿದ್ದಾರೆ. ಕ್ಷಮಾವಳಿಯ ದಿನ ನಾವೇ ಹೋಗಿ ಕೈ ಮುಗಿದು ಬಂದೆವು. ಅವರು ಒಳಗಿನಿಂದ ಹೊರಗೆ ಬರಲಿಲ್ಲ. ಮುಂದಿನ ವರ್ಷವೂ ಹೋಗುತ್ತೇವೆ.

ವಾಚಕರಲ್ಲಿ ಒಂದೇ ವಿನಂತಿ. ಈ ಸಂಚಿಕೆ ಓದಿ ಮುಗಿಸಿದ ಮೇಲೆ, ಬಾಡಿಗೆದಾರರಾದರೆ ನಿಮ್ಮ ಪಾವತಿಗಳು ಎಲ್ಲಿವೆ ಎಂದು ಎದ್ದು ನೋಡಿರಿ. ಮಾಲಕರಾದರೆ ಕೊಡಬೇಕಾದ ಪಾವತಿಗಳನ್ನು ಇಂದೇ ಬರೆದು ಕೊಡಿರಿ. "ನಮ್ಮ ನಮ್ಮೊಳಗಿನ ಮಾತು" ಎಂದು ಬಡವರ ಬಾಯಿ ಮುಚ್ಚಿಸುವ ಕೆಲಸವನ್ನು, ನಾವು ಒಮ್ಮೆ ಮಾಡಿದಂತೆ, ನೀವು ಮಾಡಬೇಡಿರಿ.

ಜಯ ಜಿನೇಂದ್ರ.