ಹಿತ್ತಲ ಗುಡಿಸಲು

ಇಂಗ್ಲೆಂಡಿನ ಸಾಧಾರಣ ಮನೆಯ ಹಿಂದಣ ತೋಟದಲ್ಲಿ, ಬೇಲಿಯ ಮಗ್ಗುಲಿಗೆ, ಹಲಗೆಗೋಡೆಯ ಪುಟ್ಟ ಗುಡಿಸಲೊಂದಿರುವುದುಂಟು. ಅದನ್ನು ಅವರು ಷೆಡ್ ಎನ್ನುತ್ತಾರೆ. ಗುದ್ದಲಿ, ಸನಿಕೆಗಳನ್ನು ಮಳೆಯಿಂದ ಕಾಯುವುದು ಅದರ ಮೊದಲ ಕೆಲಸ. ಬೆಳಕು ಧಾರಾಳವಾಗಿದ್ದರೆ ಅದು ಸಸಿಗಳನ್ನು ಕುಂಡಕ್ಕೇರಿಸುವ ತಾಣ. ಒಳಗೊಂದು ಗಟ್ಟಿ ಮೇಜು ಬಂದರೆ ಮರಗೆಲಸದ ಸಾಲೆ.

ಇಂಥ ಬಡಕಟ್ಟಡಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವುಂಟು. 1950ರಲ್ಲಿ ತೀರಿಕೊಂಡ ಬರ್ನಾರ್ಡ್ ಷಾ ಅವರು ಬರೆಯುತ್ತಿದ್ದುದು ತಮ್ಮ ಹಳ್ಳಿಮನೆಯ ತೋಟದ ಇಂಥದೇ ಗುಡಿಸಲಿನಲ್ಲಿ. ಬಿಸಿಲು ಸರಿದಂತೆ ಅದನ್ನೂ ತಿರುಗಿಸಿಕೊಳ್ಳಬಹುದಾಗಿತ್ತು. ಅದಕ್ಕೆ 'ಲಂಡನ್' ಎಂದು ಹೆಸರಿಟ್ಟು, ಬೇಡದ ಅತಿಥಿಗಳಿಗೆ 'ಷಾ ಲಂಡನ್ನಿನಲ್ಲಿದ್ದಾರೆ' ಎಂದು ಹೇಳಿಸುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಡಿಲನ್ ಥಾಮಸ್ ವೇಲ್ಸಿನ ಲಾರ್ನ್ ಊರಿನಲ್ಲಿ ಹಳೆಯ ಮೋಟಾರು ಷೆಡ್ಡನ್ನೇ ಬರೆಯುವ ಕೋಣೆ ಮಾಡಿಕೊಂಡರು. ರೋಲ್ಡ್ ಡಾಲ್ ಅವರು ತೋಟದ ಗುಡಿಸಲಿನಲ್ಲಿ ಆರಾಮಕುರ್ಚಿಗೆ ಹಲಗೆಯನ್ನು ಅಡ್ಡವಿಟ್ಟು ಮಕ್ಕಳ ಕಥೆಗಳನ್ನು ಬರೆದರು. ಲೇಖಕಿಗೆ ಸ್ವಂತ ಕೋಣೆ ಬೇಕೆಂದು 1929ರಲ್ಲಿ ವಾದಿಸಿದ ವರ್ಜೀನಿಯಾ ವುಲ್ಫ್ ಅವರೂ ತೋಟದ ಗುಡಿಸಲಿನಲ್ಲಿಯೇ ಬರೆದವರು.

ಗುಡಿಸಲು ಇವರಿಗೆ ಪ್ರತಿಭೆಯನ್ನು ಕೊಡಲಿಲ್ಲ, ನಿಜ. ಆದರೆ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲನ್ನು ಕೊಟ್ಟಿತು. ಮನಸ್ಸಿದ್ದವನಿಗೆ ಸಂತೆಯಲ್ಲಿಯೂ ಏಕಾಂತವೆಂದು ಉಪದೇಶಿಸುವ ಹಿರಿಯರುಂಟು. ಹಾಗೆ ಉಪದೇಶಿಸುವವರಿಗೆ ಸಾಮಾನ್ಯವಾಗಿ ಮನೆಯಲ್ಲಿ ಪ್ರತ್ಯೇಕ ಕೋಣೆಯೂ ಇರುತ್ತದೆ!

ನಮ್ಮ ತರಗತಿಗಳಿಗೆ ಬರುವ ಎಷ್ಟೋ ಮಕ್ಕಳ ಮನೆಗೆ ಇರುವುದೇ ಒಂದು ಕೋಣೆ. ಅಡಿಗೆ, ನಿದ್ದೆ, ನೆಂಟರು, ದೂರದರ್ಶನ ಎಲ್ಲವೂ ಅಲ್ಲಿಯೇ. ಹುಡುಗಿಯಾದರೆ, ಪುಸ್ತಕ ತೆರೆದೊಡನೆ ಒಲೆಯ ಕಡೆಯಿಂದ ಕರೆ ಬರುತ್ತದೆ. ಮರುದಿನ ನಾವು ಅವರನ್ನು ಮಂದಮತಿಗಳೆನ್ನುತ್ತೇವೆ. ಅವರಿಗೆ ಕೊರತೆಯಾದದ್ದು ಮತಿಯಲ್ಲ, ಮೂಲೆ.

ಹಿತ್ತಲೇ ಇಲ್ಲದ ಮನೆಗೆ ಗುಡಿಸಲನ್ನು ತರುವುದೆಲ್ಲಿಂದ? ಮನೆ ಕೊಡಲಾರದ್ದನ್ನು ಊರು ಕೊಡಬೇಕು. 1965ರ ಕಾಯಿದೆಯ ಪ್ರಕಾರ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತೇವೆ. ಆ ಗ್ರಂಥಾಲಯಗಳು ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಸಂಜೆ ಬೀಗ ಬೀಳುವ ಕಾಲೇಜುಗಳೂ ಒಂದೆರಡು ಕೊಠಡಿಗಳಲ್ಲಿ ದೀಪ ಉರಿಸಲಿ. ನಾವು ಅಧ್ಯಾಪಕರು ಸರದಿಯಂತೆ ಕಾವಲಿರೋಣ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಒಂದು ಬೆಂಚು, ಒಂದು ದೀಪ, ಯಾರೂ ಕೂಗಿ ಕರೆಯದ ಎರಡು ಗಂಟೆ, ಇಷ್ಟು ಸಾಕು. ಗುದ್ದಲಿಗೂ ಒಂದು ಸೂರನ್ನು ಕಲ್ಪಿಸುವ ಮನುಷ್ಯ, ಓದುವ ಮಗುವಿಗೆ ಇಷ್ಟನ್ನು ಒದಗಿಸಲಾರನೇ?